ಶೇಷಗಿರಿಯ ಸೋದರತ್ತೆ

“ಕಾಗದ ಬೇಕಂತೆ ಕಾಗದ! ಬೆರಳು ತೋರ್ಸಿದ್ರೆ ಹಸ್ತ ನುಂಗೋ ಜಾತಿ. ಇರೋಕೆ ಜಾಗ ಕೊಟ್ಟಿದ್ದೇ ನಮ್ಮ ತಪ್ಪು!”

ಮನೆಯ ಮಾಲೀಕ ಶೇಷಗಿರಿ ಹಿತ್ತಲಲ್ಲಿ ನಿಂತು ಹೀಗೆ ಕೂಗುತ್ತಿದ್ದಾಗ ನಾನು ಅವನದೇ ಮನೆಯ ಕಸದ ಡಬ್ಬವನ್ನು ರಸ್ತೆಗೆ ಎಳೆಯುತ್ತಿದ್ದೆ. ವಾರಕ್ಕೊಮ್ಮೆ ಎಲ್ಲರ ಡಬ್ಬ ಎಳೆದಿಡುವುದು ನನ್ನ ಪಾಲಿನ ಸೇವೆ. ಮುಂದಿನ ತಿಂಗಳಿಂದ ಬಾಡಿಗೆ ಒಂದೂವರೆ ಪಟ್ಟು ಎಂದು ಅವನು ಹೇಳಿದ್ದ. ಹಾಗಾದರೆ ಬರೆದು ಕೊಡಿ ಎಂದಿದ್ದೆ. ಅಷ್ಟಕ್ಕೇ ಈ ರಂಪ.

“ಬರದು ಕೊಡ್ರಿ ಅಂದೆ ಸರ. ಬೈರಿ ಅನ್ಲಿಲ್ಲ,” ಎಂದೆ.

“ಏನ್ ಬರೆಯೋದು? ನೀನೇನು ಬಾಡಿಗೆದಾರಳಾ? ನಮ್ಮ ಭಾಷೆಯೋಳು ಅಂತ ಇರ್ಸ್ಕೊಂಡಿದೀವಿ. ಆಗಲ್ಲ ಅಂದ್ರೆ ಖಾಲಿ ಮಾಡು. ಆ ಜಾಗಕ್ಕೆ ನೂರು ಜನ ಕಾಯ್ತಾ ಇದಾರೆ.”

ನನ್ನ ಹೆಸರು ಬಂಗಾರೆವ್ವ. ಗದಗಿನ ಕಡೆಯವಳು. ಅಮೆರಿಕದ ಮಿಲ್ಪಿಟಾಸಿನ ಒಂದು ಅಂಗಡಿಯ ಅಡುಗೆಮನೆಯಲ್ಲಿ ನಿಂತು ಇಲ್ಲಿನ ಕನ್ನಡದವರಿಗೆಲ್ಲ ರೊಟ್ಟಿ, ಹೋಳಿಗೆ ಮಾಡಿಕೊಡುವವಳು. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡ ಅಕ್ಕ ತೀರಿಹೋದ ಮೇಲೆ ಮನೆ ಹುಡುಕುತ್ತ ಅಲೆದೆ. ಹೊಸ ಅಪಾರ್ಟ್‌ಮೆಂಟುಗಳವರು ಕ್ರೆಡಿಟ್ ಸ್ಕೋರು ಕೇಳಿದರು. ಸ್ಯಾನ್ ಹೋಸೆಯ ಈ ಹಳೆಯ ಕಟ್ಟಡಕ್ಕೆ ಬಂದರೆ ಶೇಷಗಿರಿಯ ಹೆಂಡತಿ ಪದ್ಮಜಾ ಕೇಳಿದ್ದು ಬೇರೆ ಸ್ಕೋರು.

“ಯಾವ ಪೈಕಿ ನೀವು?”

ನಮ್ಮ ಕೇರಿಯ ಹೆಸರು ಹೇಳಿದೆ. ಆಕೆಯ ಮುಖ ಹುಳ್ಳಗಾಯಿತು. ಆದರೂ ಮನೆ ಇಲ್ಲ ಎನ್ನಲಿಲ್ಲ. ಗೋಡೆಗೆ ಬೂಷ್ಟು ಹಿಡಿದ ಆ ಹಿಂದಿನ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ಅಂದಿನಿಂದ ನನಗೆ ಕಾಫಿ ಪೇಪರ್ ಕಪ್ಪಿನಲ್ಲಿ, ಹಿತ್ತಲ ಬಾಗಿಲಲ್ಲಿ. ಪರಿಸರ ಉಳಿಸಿ ಎಂದು ಕಾರಿಗೆ ಸ್ಟಿಕ್ಕರು ಅಂಟಿಸಿಕೊಂಡ ಮನೆಯಲ್ಲಿ ಪೇಪರ್ ಕಪ್ಪಿನ ಭಾಗ್ಯ ನನಗೊಬ್ಬಳಿಗೇ. ಅವರ ಹೊಸ್ತಿಲನ್ನು ನಾನು ಒಮ್ಮೆಯೂ ದಾಟಿದವಳಲ್ಲ.

ಮುಂದಿನ ಮನೆ ಶೇಷಗಿರಿಯದು, ಹಿಂದಿನದು ನನ್ನದು. ನಡುವಿನ ಮನೆಯಲ್ಲಿ ಬಾಡಿಗೆಗಿದ್ದವಳು ಸಿಂಧು, ಬೆಂಗಳೂರಿನ ಹುಡುಗಿ. ಅಂದಿನ ಬೈಗುಳವನ್ನೆಲ್ಲ ಕಿಟಕಿಯಲ್ಲೇ ಕೇಳಿಸಿಕೊಂಡು ಸಂಜೆ ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬಂದಳು.

“ಆಂಟಿ, ಇದು ತುಂಬಾ ಹಳೇ ಬಿಲ್ಡಿಂಗು. ಇಂಥಾದ್ರಲ್ಲಿ ಮೂರು ಮನೆ ಇದ್ರೆ ಸಿಟಿಯೋರ ರೆಂಟ್ ರೂಲು ಬರತ್ತೆ. ವರ್ಷಕ್ಕೆ ಇಷ್ಟೇ ಏರಿಸ್ಬೇಕು ಅಂತ ಲಿಮಿಟ್ಟು. ಸುಮ್ಸುಮ್ನೆ ಓಡ್ಸೋಕೂ ಆಗಲ್ಲ. ಇರಿ, ಚೆಕ್ ಮಾಡೋಣ.”

ವಿಳಾಸ ಹಾಕಿ ನೋಡಿದಳು. ಮುಖ ಸಣ್ಣದಾಯಿತು.

“ಎರಡೇ ಮನೆ ಅಂತ ತೋರಿಸ್ತಿದೆ. ಎರಡಾದ್ರೆ ಆ ರೂಲು ಬರಲ್ಲ. ಓನರ್ ಹಾಗೇ ಹೇಳಿರೋದು. ಹಿಂದಿನದು ಸ್ಟೋರೇಜ್ ಅಂತೆ.”

“ಅಂದ್ರ?”

“ಸಾಮಾನಿಡೋ ರೂಮು, ಆಂಟಿ.”

ನನಗೆ ನಗು ಬಂತು, ಅದರ ಬೆನ್ನಿಗೇ ಮೈ ಉರಿಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಮಾಲೀಕನ ಕಸವನ್ನೂ ಎಳೆಯುವ ಸಾಮಾನನ್ನು ಅಮೆರಿಕ ಬಿಟ್ಟು ಬೇರೆಲ್ಲಿ ನೋಡಲು ಸಿಗುತ್ತದೆ?

“ಸಾಮಾನು ಒಲಿ ಹಚ್ಚಿ ಅಡಗಿ ಮಾಡತೈತೇನು ಅಂತ ಕೇಳವಾ ಅವ್ರನ್ನ,” ಎಂದೆ.

ಸಿಂಧು ಮರುದಿನ ನಗರಸಭೆಗೆ ಫೋನು ಮಾಡಿ ಕೇಳಿದಳು. ಬೇರೆ ಬಾಗಿಲು, ಬೇರೆ ಅಡುಗೆಮನೆ ಇದ್ದರೆ ನಾವೇ ಬಂದು ನೋಡುತ್ತೇವೆ ಎಂದರಂತೆ. “ನನ್ ಹೆಸ್ರು ಮಾತ್ರ ಎತ್ಬೇಡಿ ಆಂಟಿ, ನನ್ ಜಾಬೇ ಡೌಟಲ್ಲಿದೆ,” ಎಂದಳು. ಎಷ್ಟೆಂದರೂ ಅವಳೂ ಬಾಡಿಗೆಯವಳೇ.

ಬರುತ್ತೇವೆಂದು ನಗರಸಭೆಯಿಂದ ಶೇಷಗಿರಿಗೆ ಸುದ್ದಿ ಮುಟ್ಟಿದ್ದೇ ತಡ, ಗಂಡ ಹೆಂಡತಿ ಮೈಸೂರುಪಾಕಿನ ಡಬ್ಬ ಹಿಡಿದು ನನ್ನ ಬಾಗಿಲಿಗೆ ಬಂದರು. ರಾತ್ರಿ ಬೆಳಗಾಗುವುದರಲ್ಲಿ ನಾನು ‘ನೀವು’ ಆಗಿದ್ದೆ.

“ಬಂಗಾರೆವ್ವನೋರೇ, ಒಂದ್ ಸಣ್ಣ ಹೆಲ್ಪು,” ಎಂದ ಶೇಷಗಿರಿ. “ಸಿಟಿಯೋರು ಬಂದಾಗ ನೀವು ನಮ್ಮ ರಿಲೇಟಿವ್ ಅಂದ್ಬಿಡಿ. ಫ್ಯಾಮಿಲಿ ಅಂದ್ರೆ ಹಿಂದೆ ಮುಂದೆ ಎಲ್ಲಾ ಒಂದೇ ಮನೆ.”

“ಯಾವ ರಿಲೇಟಿವ್ ರಿ?”

“ನಮ್ಮ ಕಡೆಯೋರು ಬೇಡಪ್ಪ,” ಎಂದಳು ಪದ್ಮಜಾ ತಟ್ಟನೆ, ಗಂಡನ ಕಡೆ ತಿರುಗಿ. “ನಿಮ್ಮ ಕಡೇನೇ ಇರ್ಲಿ.”

ಶೇಷಗಿರಿ ತಲೆ ಕೆರೆದುಕೊಂಡ. “ಸೋದರತ್ತೆ ಅನ್ನೋಣ. ನಮ್ಮಪ್ಪನ ತಂಗಿ. ಅಪ್ಪ ಹೇಗೂ ಇಲ್ವಲ್ಲ, ಬಂದು ಕೇಳಲ್ಲ.”

“ಬಾಡಿಗಿ?”

“ಏರಿಸಲ್ಲ. ದೇವರಾಣೆ.”

“ಆ ಆಣಿ ಬರದು ಕೊಡ್ತೀರೇನ್ರಿ?”

ಹಲ್ಲು ಕಡಿದ. ‘ನೀವು’ ಅಲ್ಲಿಗೇ ಮುಗಿಯಿತು. “ನೋಡು, ಹೇಳಿದಂಗೆ ಕೇಳಿದ್ರೆ ಇರ್ತೀಯ. ಇಲ್ಲಾಂದ್ರೆ ಬೀದಿಗೆ ಬೀಳ್ತೀಯ.”

ಹೆದರಿಕೆಯಾಯಿತು. ಆ ಕೋಣೆ ಹೋದರೆ ಈ ದೇಶದಲ್ಲಿ ನನಗೆ ಬೆನ್ನು ಊರಲು ಜಾಗವಿಲ್ಲ. ಅತ್ತೆ ಎಂದು ಒಪ್ಪಿಕೊಂಡರೆ ನಾನು ಅಲ್ಲಿ ಬಾಡಿಗೆಗಿದ್ದೇನೆ ಎನ್ನಲು ಸಾಕ್ಷಿಯೇ ಉಳಿಯುವುದಿಲ್ಲ. ಇಂದಲ್ಲ ನಾಳೆ ಅವನು ಏರಿಸುತ್ತಾನೆ, ಇಲ್ಲವೇ ಓಡಿಸುತ್ತಾನೆ. ಆದರೆ ಮೈಸೂರಿನ ಕಡೆಯವನಾದ ಆ ಜಾಣನಿಗೆ ಒಂದು ಗೊತ್ತಿರಲಿಲ್ಲ. ನಮ್ಮ ಕಡೆ ಸೋದರತ್ತೆಯೆಂದರೆ ಸಣ್ಣ ಪದವಿಯಲ್ಲ. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳು. ಹೇಳಿದ್ದಕ್ಕೆ ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಆ ಕೂಸು ಎಷ್ಟು ದೊಡ್ಡ ಸಾಹೇಬನಾದರೂ ಅವಳು ಬೈದರೆ ಬೈಸಿಕೊಳ್ಳಬೇಕು.

“ಆತ್ರಿ,” ಎಂದೆ. “ಅತ್ತೀನ ಆಗ್ತೀನಿ.”

ನಗರಸಭೆಯಿಂದ ಬಂದವಳು ವಿಯೆಟ್ನಾಮ್ ಮೂಲದ ಹೆಂಗಸು, ಕೈಯಲ್ಲಿ ಒಂದು ಟ್ಯಾಬ್ಲೆಟ್ಟು. ಕಟ್ಟಡದಲ್ಲಿ ಇರುವವರೆಲ್ಲ ಮುಂದಿನ ಬಾಗಿಲಿಗೆ ಬರಬೇಕೆಂದಳು. ಸಿಂಧು ಗೋಡೆಗೆ ಅಂಟಿಕೊಂಡು ನಿಂತಳು.

“ಮೈ ಆಂಟಿ. ಮೈ ಫಾದರ್ಸ್ ಓನ್ ಸಿಸ್ಟರ್,” ಎಂದು ಶೇಷಗಿರಿ ನನ್ನನ್ನು ತೋರಿಸಿ ಹಲ್ಲು ಕಿರಿದ.

ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ನೇರ ಅಡುಗೆಮನೆಗೆ ನಡೆದು ಕುರ್ಚಿ ಎಳೆದು ಕುಳಿತೆ.

“ಏ ಪದ್ದೀ, ಚಾ ಇಡು. ಹಾಲು ಜಾಸ್ತಿ ಹಾಕು. ಕಾಗದದ ಕಪ್ಪಿನ್ಯಾಗ ಕೊಟ್ಟಿ ಅಂದ್ರ ಮಾರಿಗೆ ಒಗೀತೀನಿ.”

ಪದ್ಮಜಾ ಗರ ಬಡಿದವಳಂತೆ ನಿಂತಳು. ಶೇಷಗಿರಿ ಹತ್ತಿರ ಬಂದು ಪಿಸುಗುಟ್ಟಿದ, “ಏಯ್, ಅತಿಯಾಯ್ತು. ಮೇಲೇಳು.”

“ಅತ್ತಿಗೆ ಏಯ್ ಅಂತೀ ಏನೋ ಭಾಡ್ಯಾ?” ನಾನು ದನಿಯೆತ್ತಿದೆ. “ನಿನ್ನ ತೊಟ್ಟಲದಾಗ ಹಾಕಿ ಹೆಸರಿಟ್ಟಾಕಿ ನಾನು! ನಿನ್ನ ಸಲುವಾಗಿ ಬೆನ್ನಿಗೆ ಗುದ್ದು ತಿಂದಾಕಿ ನಾನು! ಅತ್ತಿ ಮನಿಗೆ ಬಂದ್ರ ಕಾಲು ಬೀಳೋದು ಬಿಟ್ಟು ಜೋರು ಮಾಡ್ತಾನ, ಮಂಗ್ಯಾನ ಮಗ!”

ಏನು ಹೇಳುತ್ತಿದ್ದಾರೆಂದು ಆ ಹೆಂಗಸು ಸಿಂಧುವನ್ನು ಕೇಳಿದಳು. ಸಿಂಧು, ಅಳಿಯ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಬೇಕಂತೆ, ಅದು ಪದ್ಧತಿ ಎಂದಷ್ಟೇ ಹೇಳಿದಳು. ಹೆಂಗಸಿನ ಮುಖ ಅರಳಿತು. ತಮ್ಮಲ್ಲೂ ಹಿರಿಯರಿಗೆ ಹಾಗೆಯೇ ಎಂದಳು. “ಪ್ಲೀಸ್, ಗೋ ಅಹೆಡ್,” ಎಂದು ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಭಕ್ತಿಯಿಂದ ಪಕ್ಕಕ್ಕೆ ಸರಿದಳು.

ಶೇಷಗಿರಿ ಹೆಂಡತಿಯನ್ನು ನೋಡಿದ. ಹೆಂಡತಿ ಗೋಡೆ ನೋಡಿದಳು. ಅವನು ಬಗ್ಗಿದ. ಕೈ ನನ್ನ ಪಾದದಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು.

“ಗಾಳಿಗ್ಯಾಕ ನಮಸ್ಕಾರ ಮಾಡ್ತೀ? ಮುಟ್ಟು.”

ಅವನ ಕತ್ತು ಬೆವರಿತ್ತು.

“ಮುಟ್ಟೋ!”

ಮುಟ್ಟಿದ. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇಂಥವರಿಗೆ ದಾರಿ ಬಿಟ್ಟು ಚರಂಡಿಗಿಳಿದು ನಿಲ್ಲುತ್ತಿದ್ದ ನಮ್ಮಪ್ಪನ ನೆನಪಾಗಿ ಸಂಕಟವೂ ಆಯಿತು. ಅವನ ನೆತ್ತಿಯ ಮೇಲೆ ಪೂರ್ತಿ ಅಂಗೈ ಇಟ್ಟು ಹರಸಿದೆ.

“ಮೂರು ಮನಿ ಎಣಿಸೋವಷ್ಟು ಬುದ್ಧಿ ಬರಲಿ.”

ಎದ್ದು ಆ ಹೆಂಗಸಿನ ಕಡೆ ತಿರುಗಿ ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದೆ. “ನೋ ಆಂಟಿ. ಐ ಪೇ ರೆಂಟ್. ಎವ್ರಿ ಮಂತ್. ಬ್ಯಾಕ್ ಹೌಸ್. ಕಮ್.”

“ಸುಳ್ಳು! ದರಿದ್ರ ಮುಂಡೆ, ನಾಳೆನೇ ನಿನ್ ಗಂಟುಮೂಟೆ ಬೀದಿಗೆ ಎಸೀತೀನಿ!” ಶೇಷಗಿರಿ ಕನ್ನಡದಲ್ಲಿ ಕಿರುಚಿದ. ಹೆಂಗಸು ಮತ್ತೆ ಸಿಂಧುವಿನ ಮುಖ ನೋಡಿದಳು. ಈ ಸಲ ಸಿಂಧು ಗೋಡೆ ಬಿಟ್ಟು ಮುಂದೆ ಬಂದು ಒಂದು ಪದವನ್ನೂ ಬಿಡದೆ ಹೇಳಿದಳು. ಹೆಂಗಸು ಅದನ್ನೂ ಬರೆದುಕೊಂಡಳು.

ನಾವು ಮೂವರು ಹಿತ್ತಲಿಗೆ ಇಳಿಯುವಾಗ ಅವರ ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದೆ. ಶೇಷಗಿರಿ ಕೈ ತೊಳೆಯುತ್ತಿದ್ದ. ಪದ್ಮಜಾ ಅವನ ಅಂಗೈಗೆ ಮತ್ತೆ ಮತ್ತೆ ಸೋಪು ಸುರಿಯುತ್ತಿದ್ದಳು.

ನನ್ನ ಬಾಗಿಲು ತೆಗೆದು ಒಲೆಯ ಕಿವಿ ತಿರುವಿದೆ. ಉರಿ ಭಗ್ಗೆಂದಿತು.

“ಕಿಚನ್,” ಎಂದೆ. “ರೈಟ್ ಇಟ್.”

ಅವಳು ಬರೆಯತೊಡಗಿದಳು. ಆ ಕಡೆ ನಲ್ಲಿ ಇನ್ನೂ ನಿಂತಿರಲಿಲ್ಲ.