ಸೀಡಿಗೆ ಇಟ್ಟ ಗಂಧ

ಗುರುವಾರ ಬೆಳಿಗ್ಗೆ ಇಡ್ಲಿ ಒಲೆಯಿಂದ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಪುನಿತವತಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಗುಂಯ್ ಎಂದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ತೋರಿಸಿ ಅಲ್ಲೇ ನಿಂತಿತು. ಆರಿಸಿ ಮತ್ತೆ ಹಾಕಿದಳು. ಅದೇ ಸಾಲು. ಮೂರನೆಯ ಸಲವೂ ಅದೇ. ಅತ್ತೆಯ ಮದುವೆ ಸೀರೆ ಅದರೊಳಗಿತ್ತು.

ಕಂಚಿಯ ಪಿಳ್ಳೈಯಾರ್‌ಪಾಳ್ಯದಲ್ಲಿ ಮಗ್ಗವಿಲ್ಲದ ಮನೆ ಹುಡುಕಬೇಕು. ಪುನಿತವತಿಯ ಮಾವ ಏಕಾಂಬರಂ ಮುದಲಿಯಾರರು ನಲವತ್ತೆರಡು ವರ್ಷದ ಹಿಂದೆ ತಾವು ಕೈಹಿಡಿಯಲಿದ್ದ ಸೊರ್ಣಾಂಬಾಳಿಗಾಗಿ ತಾವೇ ಆ ಸೀರೆ ನೇಯ್ದಿದ್ದರು. ಸೆರಗಿನ ತುಂಬ ಜರಿಯ ಹಂಸಗಳು, ಎಳೆ ಎಳೆಯನ್ನೂ ಕೈಯಿಂದಲೇ ಎತ್ತಿ ನೇಯ್ದದ್ದು. ಈಗ ಅದು ಮುಟ್ಟಿದರೆ ಹರಿಯುವ ಸ್ಥಿತಿಗೆ ಬಂದಿತ್ತು. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವರ ಕಿರಿ ಮಗಳ ಮದುವೆ, ಅವಳಿಗೆ ಅಂಥದೇ ಸೀರೆ ಆಗಬೇಕು ಎಂದು ಮನೆಯವರ ಆಸೆ. ಪುನಿತವತಿ ನಾಲ್ಕು ತಿಂಗಳು ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಒಂದೊಂದು ಎಳೆಗೂ ಒಂದೊಂದು ಚೌಕ ತುಂಬುತ್ತಾ ಇಡೀ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸಿದ್ದಳು.

ಕೆಲಸ ಮುಗಿದ ವಾರವೇ ಹಳೇ ಜರಿ ಕೊಳ್ಳುವವನು ಬೀದಿಯಲ್ಲಿ ಕೂಗಿಕೊಂಡು ಬಂದ. ಸೊರ್ಣಾಂಬಾಳ್ ಸೀರೆಯನ್ನು ಅವನ ಕೈಗೆ ಹಾಕಿಬಿಟ್ಟಳು. "ನಕ್ಷೆ ಒಳಗೆ ಕೂತಿದೆಯಲ್ಲ. ಈ ಚಿಂದಿ ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು. ಅವನು ಅದನ್ನು ಸುಟ್ಟು ಬೆಳ್ಳಿ ತೆಗೆದುಕೊಟ್ಟ. ಆ ಬೆಳ್ಳಿಯ ಗೆಜ್ಜೆ ಈಗ ಮೊಮ್ಮಗಳ ಕಾಲಲ್ಲಿತ್ತು. ಕೊಟ್ಟುಬಿಡಲಾ ಎಂದು ಅತ್ತೆ ಕೇಳಿದಾಗ ಹೂಂ ಎಂದು ತಲೆಯಾಡಿಸಿದವಳು ಪುನಿತವತಿಯೇ. ನಕ್ಷೆಗೆ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ ಎಂದು ಕಂಪ್ಯೂಟರ್ ರಿಪೇರಿಯ ಷಾಹುಲ್ ಹಮೀದ್ ಮೂರು ಸಲ ಹೇಳಿದ್ದ. ಮೂರು ಸಲವೂ ನಾಳೆ ಎಂದವಳೂ ಅವಳೇ. ಆ ನಾಳೆ ಇನ್ನೂ ಬಂದಿರಲಿಲ್ಲ.

ಷಾಹುಲ್‌ನ ಅಂಗಡಿಗೆ ಫೋನ್ ಮಾಡಿದರೆ, ಅವನು ಚೆಂಗಲ್ಪಟ್ಟಿಗೆ ಹೋಗಿದ್ದಾನೆ, ಮಧ್ಯಾಹ್ನಕ್ಕೆ ಬರುತ್ತಾನೆ ಎಂದರು. ಅಷ್ಟು ಹೊತ್ತು ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಕಂಪ್ಯೂಟರ್ ಕೊಂಡ ದಿನ ಪೆಟ್ಟಿಗೆಯ ಜೊತೆ ಒಂದು ಸೀಡಿ ಬಂದಿದ್ದು ನೆನಪಾಯಿತು. ಅದನ್ನು ಮಾವನ ಕೈಗೆ ಕೊಟ್ಟು ಷಾಹುಲ್ ಅಂದಿದ್ದ: "ತಾತಾ, ಇದು ಈ ಮಿಷಿನ್ನಿನ ಜೀವ ಅಂದ್ಕೊಳ್ಳಿ. ಮಿಷಿನ್ ಕೈಕೊಟ್ರೆ ಇದನ್ನ ಹಾಕಿದ್ರೆ ಎದ್ದು ಕೂರುತ್ತೆ."

ಮುದಲಿಯಾರರು ಅರೆಬರೆ ನಂಬುವ ಆಸಾಮಿಯಲ್ಲ. ಜೀವ ಎಂದ ಮೇಲೆ ಮುಗಿಯಿತು, ಸೀಡಿ ದೇವರ ಗೂಡಿಗೆ ಹೋಗಿ ಮುರುಗನ ಪಟದ ಹಿಂದೆ ಕೂತಿತು. ಈಗ ಪುನಿತವತಿ ಅದನ್ನು ತೆಗೆದು, ತಿರುಗಿಸಿಯೂ ನೋಡದೆ, ಗಡಿಬಿಡಿಯಲ್ಲಿ ಕಂಪ್ಯೂಟರಿನೊಳಗೆ ತಳ್ಳಿದಳು. ಜೊತೆಗಿದ್ದ ಇಂಗ್ಲಿಷ್ ಕಾಗದದಲ್ಲಿ ಯಾವ ಯಾವ ಗುಂಡಿ ಎಂಬುದಷ್ಟನ್ನೇ ಕಷ್ಟಪಟ್ಟು ಓದಿಕೊಂಡು ಒತ್ತಿದಳು. ಪರದೆಯ ಮೇಲೆ ಉದ್ದದ ಪ್ರಶ್ನೆಯೊಂದು ಬಂತು. ಹೌದೋ ಅಲ್ಲವೋ? ಹೌದು. ಖಂಡಿತವೋ? ಹೌದು ಮಾರಾಯ, ಹೌದು. ಯಂತ್ರ ಸೀಡಿಯನ್ನು ಗರಗರ ತಿರುಗಿಸಿತು, ಕೆಮ್ಮಿತು, ಓದಲಾಗುತ್ತಿಲ್ಲ ಎಂದು ಕೆಂಪು ಸಾಲು ತೋರಿಸಿ ನಿಂತಿತು. ಇನ್ನೆರಡು ಸಲವೂ ಅದೇ ಹಾಡು.

ಸೀಡಿ ಹೊರಗೆಳೆದು ತಿರುಗಿಸಿ ನೋಡಿದಳು. ಹೊಳೆಯುವ ಮೈಮೇಲೆ ಗಂಧದ ಮೂರು ಬೊಟ್ಟು, ಒಂದೊಂದರ ನಡುವೆ ಕುಂಕುಮ, ಒಣಗಿ ಗಟ್ಟಿಯಾಗಿ ಕೂತಿದ್ದವು.

"ಮಾವ," ಎಂದಳು. "ಇದಕ್ಕೆ ಗಂಧ ಇಟ್ಟವರು ಯಾರು?"

ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮುದಲಿಯಾರರು ಲಾಳಿ ನಿಲ್ಲಿಸಿದರು. "ಆಯುಧಪೂಜೆಗೆ ಲಾಳಿಗಿಟ್ಟೆ, ಹಣಿಗೆಗಿಟ್ಟೆ, ರಾಟೆಗಿಟ್ಟೆ. ಮಿಷಿನ್ನಿನ ಜೀವಕ್ಕೆ ಇಡದೆ ಬಿಡ್ಲಾ?"

"ಇಡೋದು ಇಟ್ರಿ, ಈ ಮಗ್ಗುಲಿಗೇ ಇಡ್ಬೇಕಿತ್ತಾ?"

"ಆ ಮಗ್ಗುಲಲ್ಲಿ ಅಕ್ಷರ ಇದೆಯಮ್ಮ. ಅಕ್ಷರ ಅಂದ್ರೆ ಸರಸ್ವತಿ. ಅವಳ ಮೇಲೆ ಬಳಿಯೋಕಾಗುತ್ತಾ? ಈ ಕಡೆ ಖಾಲಿ ಇತ್ತು, ಮುಖಾನೂ ಕಾಣ್ತಿತ್ತು. ಮುಖ ಕಾಣೋ ಕಡೆಗೆ ತಾನೇ ಬೊಟ್ಟು ಇಡೋದು?"

ಪುನಿತವತಿಗೆ ಸಿಟ್ಟು ನೆತ್ತಿಗೇರಿತು. "ಖಾಲಿ ಅಲ್ಲ ಮಾವ, ಇರೋದೆಲ್ಲ ಆ ಕಡೇನೇ ಇರೋದು. ಜೀವ ಜೀವ ಅಂತ ಜೀವಾನೇ ತೆಗೆದ್ರಲ್ಲ" ಎಂದುಬಿಟ್ಟಳು. ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮುದಲಿಯಾರರು ಮುಖ ಸಣ್ಣದು ಮಾಡಿಕೊಂಡು ಲಾಳಿಯ ಕಡೆ ನೋಡುತ್ತಾ ಕೂತರು. ಅಡುಗೆಮನೆಯ ಬಾಗಿಲಲ್ಲಿ ಸೊರ್ಣಾಂಬಾಳ್ ನಿಂತಿದ್ದಳು.

"ಸೀರೆ ಹೋಯ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಅತ್ತೆ."

ಮುದುಕಿ ಬೈಯಲಿಲ್ಲ. ಬೈದಿದ್ದರೆ ಪುನಿತವತಿಗೆ ಎಷ್ಟೋ ಹಗುರಾಗುತ್ತಿತ್ತು. ಮೊಮ್ಮಗಳು ಶಾಲೆಗೆ ಹೊರಟು ಗೆಜ್ಜೆ ಝಣಝಣ ಎನ್ನಿಸುತ್ತಾ ಅಂಗಳ ದಾಟಿದಳು, ಮೂವರೂ ಬೇರೆ ಬೇರೆ ಕಡೆ ನೋಡಿದರು.

ಷಾಹುಲ್ ಬಂದಾಗ ಎರಡು ಗಂಟೆ. ಸೀಡಿ ನೋಡಿ ಬಿದ್ದು ಬಿದ್ದು ನಕ್ಕ. "ತಾತಾ, ತೆಂಗಿನಕಾಯಿ ಒಡೆದಿಲ್ವಲ್ಲ ಇದರ ಮೇಲೆ, ಅದೇ ದೊಡ್ಡದು." ಯಾರೂ ನಗಲಿಲ್ಲ. ಆಮೇಲೆ ಪುನಿತವತಿಯನ್ನು ಕೇಳಿದ, "ಅಕ್ಕಾ, ಇದನ್ನ ಹಾಕಿ ಏನೇನು ಒತ್ತಿದ್ರಿ?"

ಅವಳು ಕಾಗದ ತೋರಿಸಿ ಒಂದೊಂದಾಗಿ ಹೇಳಿದಳು. ಎರಡನೆಯ 'ಹೌದು' ಬರುವಷ್ಟರಲ್ಲಿ ಅವನ ನಗು ಇಳಿದುಹೋಗಿತ್ತು.

"ಅಕ್ಕಾ, ಅದೇನು ಕೇಳಿತ್ತು ಗೊತ್ತಾ? ಒಳಗಿರೋದೆಲ್ಲ ಒರೆಸಿಹಾಕಲಾ ಅಂತ. ಈ ಸೀಡಿ ಮಿಷಿನ್ನನ್ನ ಕೊಂಡ ದಿನ ಹೇಗಿತ್ತೋ ಹಾಗೆ ಮಾಡುತ್ತೆ. ಅವತ್ತು ಇದರಲ್ಲಿ ಸೀರೆ ಎಲ್ಲಿತ್ತು?"

ಪುನಿತವತಿ ಕಪ್ಪು ಪರದೆಯ ಕಡೆ ತಿರುಗಿದಳು. "ಹಾಗಾದ್ರೆ ಒರೆಸಿಹೋಯ್ತಾ?"

"ಮೊದಲು ಸೀಡೀನ ಕೊನೇವರೆಗೂ ಓದಿ ಸರಿಯಿದೆಯಾ ನೋಡುತ್ತೆ, ಆಮೇಲೆ ಒರೆಸೋಕೆ ಕೈಹಾಕುತ್ತೆ. ತಾತನ ಗಂಧ ಅದನ್ನ ಮೊದಲನೇ ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿರಬೇಕು. ಬಿಚ್ಚಿ ನೋಡ್ದೆ ಖಾತ್ರಿ ಹೇಳಲ್ಲ."

ಅವನು ಕಂಪ್ಯೂಟರಿನ ಡಬ್ಬದ ಬಗಲು ಬಿಚ್ಚಿ, ಒಳಗಿಂದ ಅಂಗೈಯಗಲದ ಕಬ್ಬಿಣದ ಪೆಟ್ಟಿಗೆಯೊಂದನ್ನು ತೆಗೆದು ತಾನು ತಂದಿದ್ದ ಕಂಪ್ಯೂಟರಿಗೆ ಸಿಕ್ಕಿಸಿದ. ಪುನಿತವತಿ ಮನಸ್ಸಿನಲ್ಲೇ ಏಕಾಂಬರೇಶ್ವರನಿಗೆ ಹರಕೆ ಹೊತ್ತಳು, ಕಾಮಾಕ್ಷಿಗೂ ಹೊತ್ತಳು, ಒಬ್ಬರಿಗೆ ಹೊತ್ತು ಒಬ್ಬರನ್ನು ಬಿಟ್ಟರೆ ಕಂಚಿಯಲ್ಲಿ ಬಾಳುವೆ ಕಷ್ಟ. ಪರದೆಯ ಮೇಲೆ ಹೆಸರುಗಳ ಪಟ್ಟಿ ಇಳಿಯಿತು. ಕೊನೆಯಿಂದ ಮೂರನೆಯದು, ಅವಳೇ ಇಟ್ಟ ಹೆಸರು: ಅತ್ತೆ.

ಷಾಹುಲ್ ಅದನ್ನು ತೆರೆದ. ಸಾಲು ಸಾಲಾಗಿ ಹಂಸಗಳು ಬಂದವು. ಪುನಿತವತಿಗೆ ಹೋದ ಜೀವ ಬಂದಂತಾಯಿತು. ನೆಲದ ಮೇಲೆ ಕೂತು, ಮೂಗು ಸೀಟಿಕೊಳ್ಳುತ್ತಾ ಅತ್ತಳು, ಅಳುತ್ತಲೇ ನಕ್ಕಳು.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು" ಎಂದ ಷಾಹುಲ್. "ಮೊದಲು ಎರಡು ಪ್ರತಿ ಮಾಡ್ತೀನಿ. ನಾಳೆ ಅನ್ನೋ ಮಾತು ಈ ಮನೇಲಿ ಕೇಳಿಸ್ಬಾರ್ದು."

ಪ್ರತಿಗಳು ಆದ ಮೇಲೆಯೇ ಅವನು ಹಳೆಯ ಸೀಡಿ ಕೈಗೆತ್ತಿಕೊಂಡ. ಒಳಗಿಂದ ಹೊರಕ್ಕೆ ನೇರ ಒರೆಸಬೇಕು, ಸುತ್ತ ತಿಕ್ಕಿದರೆ ಗೀರು ಬೀಳುತ್ತದೆ ಎಂದ. ಮುದಲಿಯಾರರು ಅದನ್ನು ಇಸಕೊಂಡು, ಅಂಟುವಾಳದ ನೀರಲ್ಲಿ ಅದ್ದಿದ ಹಳೇ ಪಂಚೆಯ ತುಂಡಿನಿಂದ, ಎಳೆಯ ಸಿಕ್ಕು ಬಿಡಿಸುವಷ್ಟೇ ಜೋಪಾನವಾಗಿ ಒರೆಸಿದರು. ಈ ಸಲ ಯಂತ್ರ ಅದನ್ನು ಕೆಮ್ಮದೆ ಓದಿತು.

"ಮಾವ, ಬೆಳಿಗ್ಗೆ ನಾನು ಅಂದಿದ್ದು..." ಎಂದಳು ಪುನಿತವತಿ.

"ಅಂದಿದ್ದು ಸರೀನೇ ಇತ್ತು. ಬರೋ ವರ್ಷ ಯಾವ ಕಡೆಗೆ ಇಡ್ಲಿ, ಅದನ್ನ ಹೇಳು."

"ನನ್ನ ಕೇಳಿದ್ರೆ ಈ ಕಡೇನೇ ಇಡಿ."

ಸೊರ್ಣಾಂಬಾಳ್ ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದವಳು ಷಾಹುಲ್‌ನ ಕಂಪ್ಯೂಟರಿನ ಪರದೆಯ ಹತ್ತಿರ ಬಂದಳು. ಬೆರಳಿಟ್ಟು ಮೇಲಿನ ಸಾಲಿನ ಹಂಸಗಳನ್ನು ಒಂದೊಂದಾಗಿ ಎಣಿಸಿದಳು. ಏಳನೆಯದರ ಮೇಲೆ ಬೆರಳು ನಿಂತಿತು. ಉಳಿದ ಹಂಸಗಳಿಗೆಲ್ಲ ಕಣ್ಣಿತ್ತು, ಇದಕ್ಕಿರಲಿಲ್ಲ. ನಲವತ್ತೆರಡು ವರ್ಷದ ಹಿಂದಿನ ತಪ್ಪನ್ನು ಪುನಿತವತಿ ತಿದ್ದದೆ ಹಾಗೆಯೇ ಇಳಿಸಿದ್ದಳು.

"ಇದೆ" ಎಂದಳು ಮುದುಕಿ. "ನನ್ನ ಸೀರೇನೇ." ಆಮೇಲೆ ಷಾಹುಲ್‌ನತ್ತ ತಿರುಗಿದಳು. "ಈ ಹಂಸ ನೇಯ್ತಿದ್ದ ದಿನ, ಸೀರೆ ಎಲ್ಲಿವರೆಗೆ ಬಂತು ನೋಡೋಣ ಅಂತ ಅಮ್ಮನ ಜೊತೆ ಬಂದು ಈ ಬಾಗಿಲಲ್ಲೇ ನಿಂತಿದ್ದೆ ಕಣಪ್ಪ. ಇವರು ಎಳೆ ನೋಡೋದು ಬಿಟ್ಟು ನನ್ನ ನೋಡ್ತಾ ಕೂತ್ರು."

ಮುದಲಿಯಾರರು ಮಗ್ಗದ ಗುಂಡಿಗೆ ಇಳಿದು ಲಾಳಿ ಎತ್ತಿಕೊಂಡರು.

"ಅವತ್ತು ಮೋಡ ಇತ್ತು," ಎಂದರು. "ಬೆಳಕು ಸಾಲ್ಲಿಲ್ಲ."