ಟೀಚರಮ್ಮನ ಕೆಮ್ಮು

ನಲವತ್ತೆಂಟನೇ ವಯಸ್ಸಿಗೆ ನನ್ನ ತಂಗಿಗೆ ಸ್ಟುಡಿಯೋ ಹುಚ್ಚು ಹಿಡಿಯಿತು. ಇಪ್ಪತ್ತು ವರ್ಷ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು ಒಂದು ದಿನ ಮೈಕು, ಕಂಪ್ಯೂಟರ್ ಹೊತ್ತು ತಂದಳು. ನನ್ನ ಬಟ್ಟೆ ಬೀರುವನ್ನು ಹಿಂದಿನ ಕೋಣೆಯಿಂದ ಹೊರಗೆ ತಳ್ಳಿ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಅಲ್ಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಹೊದೆಯಲು ನನಗೊಂದು ಬಿಡಬೇಕೋ ಬೇಡವೋ? ಕೇಳಿದರೆ, "ದನಿ ಗುಂಯ್ ಅನ್ಬಾರ್ದು ಅಕ್ಕ" ಎಂದಳು. ಅವಳ ತಲೆ! ಕಲಿತದ್ದೆಲ್ಲ ಫೋನಿನಲ್ಲಿ ವಿಡಿಯೊ ನೋಡಿ.

ಮೊದಲ ಗಿರಾಕಿ ಪಕ್ಕದ ರಸ್ತೆಯ ಟೀಚರಮ್ಮ. ಜೊತೆಗೆ ಅವರ ಗಂಡ, ದರ್ಜಿ. ಟೀಚರಮ್ಮನ ಗಂಟಲಲ್ಲಿ ಗಡ್ಡೆ. ಮರುದಿನ ಆಪರೇಷನ್, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳು ಬಸುರಿ. ಹುಟ್ಟುವ ಮಗುವಿಗೆ ಅಜ್ಜಿಯ ದನಿಯಲ್ಲಿ ನಾಲ್ಕು ಕಥೆ ಉಳಿಯಲಿ ಎಂಬ ಆಸೆ.

"ಬೇರೆ ಕಡೆ ಕಳ್ಸೇ, ಇದು ಆಟ ಆಡೋ ವಿಷ್ಯ ಅಲ್ಲ" ಎಂದು ತಂಗಿಯ ಕಿವಿಯಲ್ಲಿ ಉಸುರಿದೆ.

"ಅವ್ರು ನನ್ನ ನಂಬ್ಕೊಂಡು ಬಂದಿದಾರೆ" ಎಂದಳು. ಫ್ಯಾನು ನಿಲ್ಲಿಸಿದಳು, ಗಡಿಯಾರದ ಸೆಲ್ ಕಿತ್ತಳು, ಫ್ರಿಜ್ ಆರಿಸಿದಳು, ನನ್ನನ್ನು ಅಡುಗೆಮನೆಗೆ ಅಟ್ಟಿದಳು. ಗಂಡ ಎದುರಿಗಿಲ್ಲದೆ ಓದುವುದಿಲ್ಲ ಎಂದು ಟೀಚರಮ್ಮ ಅವರನ್ನೂ ಒಳಗೇ ಕೂರಿಸಿಕೊಂಡರು. ಎರಡು ಗಂಟೆ ನಾನು ತುಟಿಪಿಟಕ್ಕೆನ್ನಲಿಲ್ಲ. ಅದು ನನಗೆಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೇ ಗೊತ್ತು. ಫ್ರಿಜ್ ಮತ್ತೆ ಹಾಕಲು ಮರೆತು ಸಂಜೆಗೆ ಹಾಲೆಲ್ಲ ಒಡೆದಿತ್ತು.

ವಾರವಿಡೀ ತಂಗಿ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಟೀಚರಮ್ಮನ ಕೆಮ್ಮು, ಏದುಸಿರು, ತಡವರಿಕೆ, ನಡುನಡುವಿನ ಮಾತು, ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ತೆಗೆದಳು.

ವಾರ ಕಳೆದ ಮೇಲೆ ದರ್ಜಿ ಒಬ್ಬರೇ ಬಂದರು. ಆಪರೇಷನ್ ಸುಸೂತ್ರವಾಗಿ ಆಗಿತ್ತು. ಟೀಚರಮ್ಮನದು ಈಗ ಬರೀ ಕೈಸನ್ನೆಯಂತೆ. ಬಗ್ಗಿ ಕೂತು ಒಂದು ಕಥೆ ಪೂರ್ತಿ ಕೇಳಿದರು.

"ಚೆನ್ನಾಗಿದೆಯಮ್ಮ" ಎಂದರು. ಮುಖ ಮಾತ್ರ ಸಪ್ಪಗಿತ್ತು. ಆಮೇಲೆ ಸಂಕೋಚದಿಂದಲೇ, "ರೇಡಿಯೋದಲ್ಲಿ ಯಾರೋ ಓದ್ದಂಗಿದೆ. ನಮ್ಮನೆಯವ್ಳು ಎಲ್ಲಿ ಇದ್ರಲ್ಲಿ?" ಎಂದು ಕೇಳಿದರು.

ತಂಗಿ ಬಿಳಿಚಿಕೊಂಡಳು. "ಅಯ್ಯೋ, ನಾನೇ ಹಾಳ್ಮಾಡ್ಬಿಟ್ಟೆ ಅಕ್ಕ."

ಅವಳನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದಾಗಲಿಲ್ಲ. "ಅಳ್ತಾ ಕೂತ್ರೆ ಬರುತ್ತಾ? ಮೊದ್ಲು ರೆಕಾರ್ಡ್ ಮಾಡಿದ್ದು ಹಂಗೇ ಇಟ್ಟಿದೀಯೋ ಇಲ್ವೋ, ಅದನ್ನ ಹೇಳು!" ಎಂದು ಗದರಿದೆ.

ಇಟ್ಟಿದ್ದಳು, ಪುಣ್ಯಾತ್ಗಿತ್ತಿ. ಹೊಸಬಳ ಹೆದರಿಕೆ, ಒಂದನ್ನೂ ಅಳಿಸಿರಲಿಲ್ಲ. ಕೂಡಲೇ ಆ ಮೊದಲಿನ ರೆಕಾರ್ಡಿಂಗ್ ಹಾಕಿದಳು.

ಟೀಚರಮ್ಮ ಕೆಮ್ಮಿದರು. ಕನ್ನಡಕ ಎಲ್ಲಿ ಎಂದು ಗೊಣಗಿದರು. ಮೊಲ ಅನ್ನಬೇಕಾದಲ್ಲಿ ನರಿ ಅಂದು ತಾವೇ ನಕ್ಕರು. ದರ್ಜಿಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕಥೆ ಅರ್ಧಕ್ಕೇ ನಿಂತು, ಟೀಚರಮ್ಮನ ದನಿ ಏರಿತು: "ರೀ, ಆ ಬೆನ್ನು! ನೆಟ್ಟಗೆ ಕೂತ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಬೇಕು ನಿಮ್ಗೆ?"

ದರ್ಜಿ ತಟ್ಟನೆ ಬೆನ್ನು ನೆಟ್ಟಗೆ ಮಾಡಿದರು.

"ಹ್ಞೂಂ ಕಣೇ, ಕೂತೆ" ಎಂದರು.