ಖಾಲಿ ಮಾಡಿದಾಗ ವಾಲಿದ ಪಿಕಪ್

ನರ್ಸರಿಯವನ ಪಿಕಪ್ ಬೀದಿಗೆ ಬಂದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಹಿಂದೆ ಹೂಗಿಡದ ಕುಂಡಗಳು ಒಂದಕ್ಕೊಂದು ತಾಕಿ ಕಟಕಟ ಎನ್ನುತ್ತಿದ್ದವು. ಮಣ್ಣಿನ ರಸ್ತೆಯಲ್ಲಿ ತಳ ತಾಗುತ್ತದೆಂದು ಅವನೂ ಅವನ ಗೆಳೆಯನೂ ಸೇರಿ, ಅಂಗಳದಲ್ಲೇ ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿದ್ದರು. ಆಮೇಲೆ ತಳ ತಾಗಲಿಲ್ಲ, ನಿಜ. ಆದರೆ ಚಿಕ್ಕ ಗುಂಡಿ ಸಿಕ್ಕರೂ ಗಾಡಿ ಕತ್ತೆಯ ಹಾಗೆ ಒದೆಯುತ್ತಿತ್ತು.

"ಎತ್ತರದ ಗಾಡಿ ಅಂದ್ಮೇಲೆ ಸ್ವಲ್ಪ ಕುಲುಕುತ್ತೆ ಬಿಡೆ," ಎನ್ನುತ್ತಿದ್ದ ಹೆಂಡತಿಗೆ.

"ಸ್ವಲ್ಪಾನಾ? ಕುಂಡದ ಚೂರಿಗೆ ಬೇರೆ ರೇಟು ಇದ್ಯಾ ಅಂತ ಗಿರಾಕಿ ಕೇಳ್ತಿದ್ರು."

ಅವನ ತಾಯಿಗೆ ಬೆನ್ನುನೋವು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಹೋಗಿ ಬರುವುದು ಇದೇ ಪಿಕಪ್ಪಿನಲ್ಲಿ. ಒಂದು ದಿನ ಆಕೆ ಇದ್ದಕ್ಕಿದ್ದಂತೆ, "ನಂಗೀಗ ವಾಸಿಯಾಗಿದೆ ಕಣೋ. ಇನ್ನು ಆಸ್ಪತ್ರೆ ಬೇಡ," ಎಂದುಬಿಟ್ಟರು. ಮಗ ನಂಬಿದ. ಸೊಸೆ ನಂಬಲಿಲ್ಲ. ಅತ್ತೆಗೆ ಬಾಗಿ ಚಪ್ಪಲಿ ಮೆಟ್ಟಲೂ ಆಗುತ್ತಿರಲಿಲ್ಲ. ಏನೂ ಕೇಳದೆ ಚಪ್ಪಲಿಯನ್ನು ಅವರ ಕಾಲಿನ ಬಳಿ ಸರಿಸಿಡುತ್ತಿದ್ದವಳು ಅವಳೇ. ಅವಳು ಗುಟ್ಟಾಗಿ ಗಂಡನ ಅಕ್ಕನ ಯಜಮಾನರಿಗೆ, ಅಂದರೆ ಮನೆಯ ಅಳಿಯನಿಗೆ, ಫೋನು ಮಾಡಿದಳು. ಅವರು ಗ್ಯಾರೇಜು ನಡೆಸುವವರು.

ಅಳಿಯ ರಜದ ದಿನ ಬೆಳಿಗ್ಗೆಯೇ ಬಂದರು.

"ಏನೋ ಬಾಮೈದ, ಗಾಡಿಗೆ ಹೈಹೀಲ್ಡು ಹಾಕ್ಸಿದ್ಯಂತೆ?"

"ಬನ್ನಿ ಭಾವ, ನೀವೇ ನೋಡಿ. ನೆಟ್ಟಗೆ ನಿಂತಿದೆ. ಇವರಿಗೆ ಕೂತ್ಕೊಳ್ಳೋಕೆ ಬರಲ್ಲ, ಅಷ್ಟೆ."

"ಹಿಂದೆ ಇರೋದನ್ನೆಲ್ಲ ಮೊದಲು ಇಳಿಸು. ತುಂಬಿದ ಗಾಡಿ ಸುಳ್ಳು ಹೇಳುತ್ತೆ."

ಕುಂಡಗಳು ಇಳಿದವು. ಕೊನೆಗೆ ಬಲಮೂಲೆಯಲ್ಲಿ ಒಂದು ಮರಳಿನ ಚೀಲ ಉಳಿಯಿತು.

"ಇದ್ಯಾಕಿಲ್ಲಿ?" ನರ್ಸರಿಯವನಿಗೇ ಆಶ್ಚರ್ಯ.

ಹೆಂಡತಿ ಸೆರಗಿನ ತುದಿ ಸುತ್ತುತ್ತಾ ಹೇಳಿದಳು: "ಎಡಕ್ಕೆ ವಾಲ್ತಿತ್ತು. ನೀವು ಆಸೆಪಟ್ಟು ಮಾಡಿದ್ದು, ಬೇಜಾರಾಗ್ಬಾರ್ದು ಅಂತ ನಾನೇ ಇಟ್ಟೆ."

ಚೀಲ ಇಳಿಸಿದ್ದೇ ತಡ, ಸಮತಟ್ಟಾದ ಸಿಮೆಂಟು ನೆಲದ ಮೇಲೆ ಪಿಕಪ್ ಸೊಂಟಕ್ಕೆ ಕೊಡ ಇಟ್ಟವಳ ಹಾಗೆ ಎಡಕ್ಕೆ ವಾಲಿ ನಿಂತಿತು.

ಭಾವ ನಗಲಿಲ್ಲ. ಟೈರಿನ ಗಾಳಿ ನೋಡಿದರು. "ಭಾರಕ್ಕೆ ಅಂತ ತುಂಬಿಸಿದ ಗಾಳಿ, ಖಾಲಿ ಓಡ್ಸುವಾಗಲೂ ಹಾಗೇ ಬಿಟ್ಟಿದ್ಯಲ್ಲ. ಟೈರು ಕಲ್ಲಾಗಿದೆ." ಬಾಗಿಲ ಅಂಚಿನಲ್ಲಿ ಕಂಪನಿಯವರು ಬರೆದಿದ್ದ ಅಳತೆಗೆ ಇಳಿಸಿದರು. ಆಮೇಲೆ ಸೊಸೆಯ ಹೊಲಿಗೆ ಟೇಪು ತರಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರು. ಹಿಂದಿನ ಎಡಗಡೆ ಎರಡು ಬೆರಳು ತಗ್ಗು. ಟಾರ್ಚು ಹಾಕಿ ನೋಡಿದರೆ, ಅಲ್ಲಿ ಸ್ಪ್ರಿಂಗಿನ ಒಂದು ಪಟ್ಟಿ ಸೀಳಿತ್ತು.

"ಎತ್ತರಿಸಿದಾಗ ಈ ಸ್ಪ್ರಿಂಗಿನ ಬೋಲ್ಟುಗಳನ್ನ ಯಾವಾಗ ಬಿಗಿ ಮಾಡಿದ್ರಿ?"

"ಜಾಕಿ ಮೇಲಿದ್ದಾಗಲೇ ಭಾವ. ಚಕ್ರ ನೇತಾಡ್ತಿತ್ತು, ಕೈಗೆ ಸಲೀಸಾಗಿ ಸಿಗ್ತಿತ್ತು."

"ಅಲ್ಲೇ ಎಡವಿದ್ದು. ಅತ್ತೆ, ನೀವು ಹೇಳಿ. ಕೈ ಮೇಲೆತ್ತಿದಾಗ ರವಿಕೆಯ ತೋಳಿಗೆ ಬಿಗಿಯಾಗಿ ಹೊಲಿಗೆ ಹಾಕಿದ್ರೆ, ಇಳಿಸಿದಾಗ ಏನಾಗುತ್ತೆ?"

ಮೆಟ್ಟಿಲ ಮೇಲೆ ಕುಳಿತಿದ್ದ ತಾಯಿ, "ಕಂಕುಳಲ್ಲಿ ಹಿಡಿದು ಎಳೆಯುತ್ತೆ ಅಳಿಯಂದ್ರೇ," ಎಂದರು.

"ಸ್ಪ್ರಿಂಗಿನ ತುದಿಯಲ್ಲಿ ಬೋಲ್ಟಿನ ಸುತ್ತ ಕೂರೋ ರಬ್ಬರು ಬುಶ್ಶಿಗೂ ಅದೇ ಗತಿ. ತಿರುಚಿಕೊಂಡೇ ನಿಂತಿದೆ, ಅದಕ್ಕೂ ಗಾಡಿ ಒದೆಯೋದು. ಚಕ್ರ ನೆಲ ಊರಿ, ಗಾಡಿ ಭಾರ ಬಿದ್ದ ಮೇಲೇನೇ ಕೊನೆಯ ಬಿಗಿ ಕೊಡ್ಬೇಕು."

"ಓಡ್ತಾ ಓಡ್ತಾ ಸರಿಹೋಗುತ್ತೆ ಅಂದಿದ್ದ ನನ್ನ ಗೆಳೆಯ."

"ಸೀಳಿದ್ದು ಸರಿಹೋಗಲ್ಲ, ಮುರಿಯುತ್ತೆ. ತಿರುವಿನಲ್ಲಿ ಮುರಿದ್ರೆ ಗಾಡಿ ನಿನ್ನ ಕೈಲಿರಲ್ಲ. ಪಕ್ಕದಲ್ಲಿ ಅತ್ತೆ ಕೂತಿರ್ತಾರೆ."

ಅವನು ತಾಯಿಯ ಕಡೆ ತಿರುಗಿದ. ಆಕೆ ಮೆಲ್ಲಗೆ ಹೇಳಿದರು: "ನಂಗೆ ವಾಸಿಯಾಗಿಲ್ಲ ಮಗಾ. ಗಾಡಿ ಎತ್ತಿ ಹಾಕಿದಾಗ ಜೀವ ಹೋದ ಹಾಗಾಗ್ತಿತ್ತು. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

"ಬೈದಿದ್ರೂ ಕೇಳ್ತಿದ್ನಲ್ಲಮ್ಮ," ಎಂದು ತಾಯಿಯ ಪಕ್ಕ ಬಂದು ಕುಳಿತ. ಮತ್ತೆ ಭಾವನ ಕಡೆ ನೋಡಿ, "ಈಗಲೇ ನಿಮ್ಮ ಗ್ಯಾರೇಜಿಗೆ ಕೊಂಡೊಯ್ಯೋಣ," ಎಂದ.

"ಇದನ್ನ ಓಡಿಸೋದು ಬೇಡ. ಎಳೆದುಕೊಂಡು ಹೋಗೋ ಗಾಡಿ ಕರೆಸ್ತೀನಿ."

ಎಡಬಲ ಎರಡೂ ಹಿಂಬದಿ ಸ್ಪ್ರಿಂಗುಗಳನ್ನು ಜೊತೆಯಾಗಿಯೇ ಬದಲಿಸಿದರು. ಬೋಲ್ಟುಗಳನ್ನು ಸಡಿಲಿಸಿ, ಗಾಡಿ ನೆಲಕ್ಕಿಳಿದ ಮೇಲೆ ಬಿಗಿದರು. ಚಕ್ರಗಳು ನೇರವಾಗಿವೆಯೇ ಎಂದು ಅಲೈನ್‌ಮೆಂಟನ್ನೂ ನೋಡಿಸಿದರು.

ಮುಂದಿನ ವಾರ ತಾಯಿ ಮತ್ತೆ ಆಸ್ಪತ್ರೆಗೆ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಮಗ, "ಕುಲುಕುತ್ತಾ ಅಮ್ಮ?" ಎಂದ. ತಿರುಗಿ ನೋಡಿದರೆ ಆಕೆ ನಿದ್ದೆ ಹೋಗಿದ್ದರು. ಆಸ್ಪತ್ರೆಯ ಬಾಗಿಲು ಬಂದರೂ ಅವನು ಎಬ್ಬಿಸಲಿಲ್ಲ. ಇಂಜಿನ್ ಆರಿಸಿ, ಅವರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಕುಳಿತ.

ಗಾಡಿ ಇರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಗಾಡಿ ಒದೆಯುತ್ತಿದೆಯೇ, ಒಂದು ಕಡೆಗೆ ವಾಲುತ್ತಿದೆಯೇ? ಖಾಲಿ ಮಾಡಿ, ಸಮನೆಲದಲ್ಲಿ ನಿಲ್ಲಿಸಿ. ಗಾಳಿ ನೋಡಿ, ನಾಲ್ಕೂ ಮೂಲೆ ಅಳೆಯಿರಿ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ನುಸುಳಬೇಡಿ. ಆ ಕೆಲಸ ಬಲ್ಲವರಿಗೆ ಬಿಡಿ. ಎತ್ತರಿಸುವ ಆಸೆಯಿದ್ದರೆ ಮೊದಲೇ ಅವರನ್ನು ಕೇಳಿ. ಮತ್ತು ಪಕ್ಕದಲ್ಲಿ ಕೂರುವವರೇ, ನೋವಾದರೆ ಬಾಯಿಬಿಟ್ಟು ಹೇಳಿ. ಪ್ರೀತಿಯಿಂದಲೇ ಆದರೂ, ವಾಲಿದ ಗಾಡಿಗೆ ಮರಳಿನ ಚೀಲ ಇಡಬೇಡಿ.